ಕೇಳದೆ ಬೇಡವೆಂದ ಪೈಪು

ಬೆಳಿಗ್ಗೆ ಒಲೆ ಹಚ್ಚಿದೆ. ಹಸು ಕರೆದು ಹಾಲನ್ನು ಡೇರಿಗೆ ಹಾಕಿ ಬಂದೆ. ಇವರ ಬಾಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಗ್ಗುಲು ತಿರುಗಿಸಿ, ಬೆನ್ನಿಗೆ ಪೌಡರ್ ಹಾಕಿದೆ. ಎಂಟು ಗಂಟೆಗೆ ನೋವಿನ ಔಷಧಿ ಕುಡಿಸಿದೆ. ಎರಡು ದುಪ್ಪಟಿ ಒಗೆದೆ. ತೋಟಕ್ಕೆ ಬಂದಿದ್ದ ಇಬ್ಬರು ಆಳುಗಳಿಗೆ ಅಕ್ಕಿರೊಟ್ಟಿ ತಟ್ಟಿದೆ. ಗಂಜಿ ಬೇಯಿಸಿ ತಿಳಿ ಸೋಸಿಟ್ಟೆ.

ನನ್ನ ಗಂಡನಿಗೆ ಅನ್ನನಾಳದ ಕ್ಯಾನ್ಸರ್. ಹಾಸನದ ಆಸ್ಪತ್ರೆಯಿಂದ ಮನೆಗೆ ಕರೆತಂದು ಆಗ ಮೂರು ವಾರವಾಗಿತ್ತು. ಇನ್ನು ವಾಸಿಯಾಗುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಹೊಟ್ಟೆಗೆ ಪೈಪ್ ಹಾಕಿದರೆ ಅದರಲ್ಲಿ ಆಹಾರ ಕೊಡಬಹುದು, ಕೆಲವು ದಿನ ಹೆಚ್ಚು ಸಿಗಬಹುದು. ಇಲ್ಲವೆಂದರೆ ನೋವಿಗೆ ಔಷಧಿ ಕೊಟ್ಟುಕೊಂಡು ಮನೆಯಲ್ಲೇ ನೋಡಿಕೊಳ್ಳಬಹುದು. "ಅವರನ್ನೂ ಒಂದು ಮಾತು ಕೇಳಿ" ಎಂದರು. ನಮ್ಮ ಕಡೆ ಕಾಯಿಲೆಯವರ ಎದುರು ಇಂಥ ಮಾತು ಯಾರೂ ಎತ್ತುವುದಿಲ್ಲ. ನಾನು ಕೇಳದೆಯೇ ಬೇಡವೆಂದು ಸಹಿ ಹಾಕಿದೆ.

"ಪೈಪು ಅಂತ ಏನೋ ಮಾತಾಡ್ತಿದ್ರಲ್ಲ, ಏನಾಯ್ತು?" ಎಂದು ಇವರು ಕೇಳಿದಾಗ, "ನಿಮ್ಗೆ ಅದು ಹಾಕೋಕಾಗಲ್ವಂತೆ" ಎಂದೆ.

ಇವರಿಗೆ ಇನ್ನಷ್ಟು ಹಿಂಸೆ ಬೇಡ ಎಂದುಕೊಂಡಿದ್ದು ನಿಜ. ಹದಿನೆಂಟು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನಗೆ ಸಾಕಾಗಿತ್ತು, ಅದೂ ನಿಜ.

ಅವತ್ತು ತೋಟದಲ್ಲಿ ಮರಗಸಿ. ಮಳೆಗಾಲಕ್ಕೆ ಮೊದಲು ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳುಮರಗಳ ಕೊಂಬೆ ಕಡಿಸುವ ಕೆಲಸ. ಯಾವ ಕೊಂಬೆ ಎನ್ನುವುದು ಇವರಿಗೇ ಗೊತ್ತು. ಜಗುಲಿಯ ಮಂಚದಿಂದ ಇವರು ಬೆರಳು ತೋರಿಸುವುದು, ನಾನು ಅಂಗಳದ ಅಂಚಿಗೆ ಹೋಗಿ ಆಳುಗಳಿಗೆ ಕೂಗಿ ಹೇಳುವುದು.

"ರೀ, ಹಲಸಿನ ಮರದ್ದು ಈ ಕಡೆ ಕೊಂಬೆ ಕಡಿಯೋದಾ?"

"ಅದ್ನ ಬುಡು. ಅದರ ಹಿಂದ್ಲುದು. ಪೂರಾ ಬೋಳು ಮಾಡ್ಬ್ಯಾಡಿ ಅನ್ನು, ಬೋಳು ಅಂತ ನನ್ನ ತಲೆ ಐತಲ್ಲ."

ವಾರಕ್ಕೊಮ್ಮೆ ಮನೆಗೆ ಬರುವ ನರ್ಸ್ ಹನ್ನೊಂದಕ್ಕೆ ಬಂದಳು. ಇವರ ಬೆನ್ನು ನೋಡಿ ಖುಷಿಪಟ್ಟಳು. "ಒಂದು ಹುಣ್ಣಿಲ್ಲ ಅಣ್ಣ! ಪೈಪ್ ಬೇಡ ಅಂದ್ರೂ ಅಕ್ಕ ಎಷ್ಟು ಚೆನ್ನಾಗಿ ನೋಡ್ಕೊಂಡವ್ರೆ ನೋಡಿ."

"ಬ್ಯಾಡ ಅಂದಿದ್ಯಾರು?"

ಅವಳು ನನ್ನ ಮುಖ ನೋಡಿದಳು. "ನಾನೇ" ಎಂದೆ.

ಗೇಟಿನವರೆಗೂ ಹೋಗಿ, ಈಗ ಹಾಕಿಸಬಹುದಾ ಎಂದು ಅವಳನ್ನು ಕೇಳಿದೆ. "ತುಂಬಾ ಇಳ್ದೋಗವ್ರೆ ಅಕ್ಕ. ಕಷ್ಟ ಅನ್ಸುತ್ತೆ. ಡಾಕ್ಟ್ರು ಹೇಳ್ಬೇಕು" ಎಂದಳು.

ವಾಪಸು ಬಂದಾಗ ಇವರು ಗೋಡೆ ಕಡೆ ತಿರುಗಿದ್ದರು. ಕೆಳಗಿನಿಂದ ಆಳು ಕೂಗಿ ಏನೋ ಕೇಳಿದ. ಇವರು ಕೊಂಬೆ ತೋರಿಸದೆ, ಗೋಡೆಯ ಕಡೆಗೇ ಮಾತಾಡಿದರು.

"ಮೂವತ್ತು ವರ್ಸದಿಂದ ಒಂದು ಕೊಂಬೆ ಕಡ್ಯಕ್ಕೂ ನನ್ನ ಕೇಳ್ತೀಯ. ಇದೊಂದು ಕೇಳ್ಬೇಕು ಅನ್ನಿಸ್ಲಿಲ್ವೇನೆ ಮಾರಾಯ್ತಿ?"

"ತಪ್ಪಾಯ್ತು. ಕೇಳಿದ್ರೆ ಏನಂತಿದ್ರಿ?"

"ನಾನೂ ಬ್ಯಾಡ ಅಂತಿದ್ನೇನೋ. ಈಗ ಯಂಗೆ ಹೇಳದು?"

ಈ ಸಲ ಸುಳ್ಳು ಹೇಳಲಿಲ್ಲ. "ಈಗ ಕಷ್ಟ ಅಂದ್ಲು. ಆದ್ರೂ ನಿಮ್ಗೆ ಬೇಕು ಅಂದ್ರೆ ನಾಳೇನೇ ಕಾರು ಮಾಡ್ಕೊಂಡು ಹೋಗಿ ಡಾಕ್ಟ್ರನ್ನ ಕೇಳಾಣ."

"ನಾಳೆ ಹೇಳ್ತೀನಿ. ಅಷ್ಟರಾಗೆ ಮತ್ತೆ ನೀನೇ ಹೇಳ್ಬುಟ್ಟೀಯ."

ನಗಿಸಲು ಹೇಳಿದರೋ, ಕುಟುಕಲು ಹೇಳಿದರೋ ತಿಳಿಯಲಿಲ್ಲ. ನನಗೆ ನಗಲಾಗಲಿಲ್ಲ.

ಸಂಜೆ ಇವರು ನಾಲ್ಕು ಚಮಚ ಗಂಜಿ ತಿಳಿ ಕುಡಿದರು. ಐದನೆಯದಕ್ಕೆ "ಬೇಕಾ?" ಎಂದು ಕೇಳಿದೆ, ಬೇಡವೆಂದು ಕೈಯಾಡಿಸಿದರು. ನಾನು ಉಳಿದಿದ್ದ ಒಂದು ರೊಟ್ಟಿಯನ್ನು ಕಾಯಿಚಟ್ನಿ ಹಚ್ಚಿಕೊಂಡು ಅಡುಗೆಮನೆಯಲ್ಲಿ ನಿಂತೇ ತಿಂದೆ. ಆ ರಾತ್ರಿ ನನಗಿಂತ ಮೊದಲು ನಿದ್ದೆ ಹೋದವರು ಇವರೇ.