ಎಡ ಚಕ್ರದ ಸದ್ದು, ಓಕ್ ಚಿಸುವಿನ ಕಿವಿ

ಮಾಸಾನ್ ಬಂದರಿನ ಹಿಂದಿನ ಏರಿನಲ್ಲಿ ಓಕ್ ಚಿಸುವಿನ ಗ್ಯಾರೇಜಿದೆ. ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಚಿಸು ಹೆಂಡತಿಯ ಮೇಲೆ ಕೂಗಾಡುವುದು ಮೀನು ಮಾರ್ಕೆಟ್ಟಿನವರೆಗೆ ಕೇಳುತ್ತದೆ. ಹೆಂಡತಿ ಮಾಲ್ಸುನ್ ತಿರುಗಿ ಕೂಗುವುದು ಅದರಾಚೆಗೂ ಕೇಳುತ್ತದೆ.

ಎಂಬತ್ತೇಳರ ಮುಷ್ಕರದಲ್ಲಿ ಹಡಗು ಕಾರ್ಖಾನೆಯಿಂದ ನಮ್ಮನ್ನೆಲ್ಲ ಒದ್ದು ಹೊರಹಾಕಿದ ಮೇಲೆ ಯಾವ ಮಾಲೀಕನೂ ಕೆಲಸ ಕೊಡಲಿಲ್ಲ. ಕೆಲವರು ಊರು ಬಿಟ್ಟರು, ಕೆಲವರು ಕುಡಿದು ಸತ್ತರು. ಚಿಸು ತನ್ನ ಕಿವಿಯೊಂದನ್ನೇ ನಂಬಿ ಈ ಗ್ಯಾರೇಜು ಹಾಕಿದ. ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿಬಂದರೆ ಸಾಕು, ಯಾವ ಚಕ್ರದ ಯಾವ ಭಾಗ ಕೆಟ್ಟಿದೆ ಅಂತ ಹೇಳುತ್ತಿದ್ದ. ದೊಡ್ಡ ಬಡಾಯಿಕೋರ. ಆದರೆ ಕೊಚ್ಚಿಕೊಂಡದ್ದು ಸುಳ್ಳಾಗುತ್ತಿರಲಿಲ್ಲ.

ಆ ಕಿವಿಯೇ ಎರಡು ವರ್ಷದಿಂದ ಹೋಗುತ್ತಾ ಬಂದಿತ್ತು. ಕಾರ್ಖಾನೆಯಲ್ಲಿದ್ದಾಗ ಹಡಗಿನ ಹೊಟ್ಟೆಯೊಳಗೆ ಕೂತು ಕಬ್ಬಿಣ ಉಜ್ಜಿದ್ದರ ಫಲ. ದಪ್ಪ ಸದ್ದು ಕೇಳುತ್ತಿತ್ತು. ಸಣ್ಣ, ಚೂಪು ಸದ್ದು ಒಂದೂ ಇಲ್ಲ. ಕಿವಿಗೆ ಹಾಕುವ ಯಂತ್ರವೊಂದನ್ನು ತಂದ. ನಟ್ಟು ಬಿಚ್ಚುವ ಗಾಳಿ ಗನ್ನು ಅದರೊಳಗೆ ಗುಡುಗಿದಂತಾಗಿ ಕಿತ್ತೆಸೆದ. ವಿಷಯ ಗೊತ್ತಿದ್ದದ್ದು ಮಾಲ್ಸುನ್‌ಗೆ ಮತ್ತು ನನಗೆ. ರಿಪೇರಿಗೆ ಬರುವ ಟ್ಯಾಕ್ಸಿಯವರಿಗೆ ಗೊತ್ತಾದರೆ ಗ್ಯಾರೇಜು ಮುಚ್ಚಿದ ಹಾಗೆಯೇ.

ಹೋದ ಶರತ್ಕಾಲದಲ್ಲಿ ಟ್ಯಾಕ್ಸಿ ಓಡಿಸುವ ಬ್ಯೊನ್ ಡುಹೋ ಬಂದ. ಅವನು ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿಗೆ ನಮ್ಮ ಕಡೆಯ ಪದ್ಧತಿಯಂತೆ ಇದೇ ಅಂಗಳದಲ್ಲಿ ಹಂದಿ ತಲೆ ಇಟ್ಟು, ಚಕ್ರಗಳಿಗೆ ಅಕ್ಕಿ ಹೆಂಡ ಸುರಿದು ನಾವೆಲ್ಲ ಪೂಜೆ ಮಾಡಿ ತಿಂಗಳಾಗಿತ್ತಷ್ಟೆ.

"ಅಣ್ಣಾ, ಎಡಕ್ಕೆ ತಿರುಗ್ಸಿದ್ರೆ ಮುಂದಿನ ಎಡ ಚಕ್ರ ಅಳ್ತದೆ. ಪ್ಯಾಸೆಂಜರು ಹೆದರ್ಕೊಂಡು ಇಳ್ದು ಹೋಗ್ತಾರೆ."

"ನಿನ್ ಮುಖ ನೋಡಿ ಇಳೀತಾರೆ. ನಡಿ, ಹತ್ತು."

ಒಂದು ಸುತ್ತು ಹೋಗಿಬಂದರು. ಗಾಡಿ ಅಂಗಳಕ್ಕೆ ತಿರುಗುವಾಗ ಹೊರಗೆ ನಿಂತಿದ್ದ ಮಾಲ್ಸುನ್‌ಗೂ ನನಗೂ ಕೇಳಿಸಿತು: ಕಿರ್ ಕಿರ್ ಕಿರ್, ಇಲಿ ಹಲಗೆ ಕೆರೆದಂತೆ. ಚಿಸು ಕಣ್ಣು ಮುಚ್ಚಿ, ತಲೆ ಓರೆ ಮಾಡಿಕೊಂಡು ಹಳೆಯ ಗತ್ತಿನಲ್ಲೇ ಕೂತಿದ್ದ.

"ಬೇರಿಂಗ್," ಎಂದ ಇಳಿದು. "ಗುಂಯ್ ಅಂತಿದೆ."

ಮಾಲ್ಸುನ್ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಬೇರಿಂಗ್ ಬದಲಾಯಿತು. ಡುಹೋ ಗೇಟು ದಾಟುವುದರೊಳಗೆ ಮತ್ತೆ ಅದೇ ಸದ್ದು. ಗಾಡಿ ಹಿಂದಕ್ಕೆ ತಂದ.

"ಇನ್ನೂ ಐತಲ್ಲಣ್ಣ."

"ಏನ್ ಐತೆ? ಹೊಸ ಬೇರಿಂಗು, ಸ್ವಲ್ಪ ಓಡ್ಲಿ."

"ನಿಂಗೆ ಕೇಳ್ತಾ ಇಲ್ವಾ?"

ಚಿಸು ತಲೆ ತಗ್ಗಿಸಿ ಸ್ಪ್ಯಾನರು ಒರೆಸತೊಡಗಿದ. ಅವನು ಪೊಲೀಸರ ಮುಂದೆ ಕೂಡ ಹಾಗೆ ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ.

ಮಾಲ್ಸುನ್ ಬಂದು ಕುಕ್ಕರುಗಾಲಲ್ಲಿ ಕೂತು, ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಸಂದಿಗೆ ಕೈ ತೂರಿಸಿ ಎಳೆದಳು. ಕೈಗೆ ಬಂದದ್ದು ಒಂದು ಒಣಮೀನು. ದಾರಿ ಕಾಯಲಿ ಅಂತ ಪೂಜೆಯ ದಿನ ಬಿಳಿ ನೂಲು ಸುತ್ತಿ ಚಿಸುವೇ ಬಾನೆಟ್ಟಿನೊಳಗೆ ಕಟ್ಟಿದ್ದ ಮೀನು. ನೂಲು ಸಡಿಲವಾಗಿ ಕೆಳಗೆ, ಹೊದಿಕೆಯ ಸಂದಿಗೆ ಜಾರಿತ್ತು. ಎಡಕ್ಕೆ ತಿರುಗಿದಾಗಲೆಲ್ಲ ಬಾಲ ಟೈರಿಗೆ ತಾಗುತ್ತಿತ್ತು.

"ದಾರಿ ಕಾಯೋ ಅಂದ್ರೆ ಟೈರ್ ನೆಕ್ತಾ ಕೂತವ್ನೆ ಬಡ್ಡೀಮಗ!" ಡುಹೋ ಬಿದ್ದು ಬಿದ್ದು ನಕ್ಕ.

ಚಿಸು ನಗಲಿಲ್ಲ. "ನಂಗೆ ಕೇಳ್ಸಲ್ಲ ಕಣೋ," ಎಂದ. "ಎರಡು ವರ್ಷ ಆಯ್ತು. ಇನ್ಮೇಲೆ ಬೇರೆ ಕಡೆ ಹೋಗು." ಶಟರ್ ಎಳೆಯಲು ಹೋದ.

"ಏ ಮುದ್ಕಪ್ಪ, ಬಿಡು ಅದನ್ನ!" ಮಾಲ್ಸುನ್ ಅಬ್ಬರಿಸಿದಳು. "ಕಿವಿ ಹೋದ್ರೆ ಕೈ ಹೋಯ್ತಾ? ನನ್ ಕಿವಿ ಏನು ಕತ್ತೆ ಕಾಯಕ್ಕೆ ಹೋಗಿದ್ಯಾ? ಇಷ್ಟು ವರ್ಷ ನೀನ್ ಬಡ್ಕೊಂಡಿದ್ದು ಕೇಳಿದೀನಿ, ಗಾಡಿ ಬಡ್ಕೊಳ್ಳೋದು ಕೇಳಕ್ಕಾಗಲ್ವಾ?"

"ಕೇಳಿ? ನಂಗೆ ಹೆಂಗೆ ಹೇಳ್ತೀಯ? ಎಲ್ಲಾ ಸದ್ದೂ 'ಒಂಥರಾ' ಅಂತೀಯ ನೀನು."

ಅವಳು ಅವನ ತೋಳು ಎಳೆದುಕೊಂಡು ಉಗುರಿನಿಂದ ಕಿರ್ ಕಿರ್ ಕೆರೆದಳು. "ಇದು ಮೀನು." ಆಮೇಲೆ ಅಂಗೈ ಒತ್ತಿ ಗರಗರ ತಿಕ್ಕಿದಳು. "ಇದು ಬೇರಿಂಗು. ಗೊತ್ತಾಯ್ತಾ, ಕೋಣ?"

ಚಿಸು ತೋಳು ನೋಡಿಕೊಂಡ. "ಇನ್ನೊಂದ್ಸಲ ಮಾಡು," ಎಂದ.

ಡುಹೋನ ಬಾಯಿಂದ ಸುದ್ದಿ ಇಡೀ ಟ್ಯಾಕ್ಸಿ ಸ್ಟ್ಯಾಂಡಿಗೆ ಮುಟ್ಟಿತು. ಕೆಲವರು ಬರುವುದು ಬಿಟ್ಟರು. ಅವರನ್ನು ನಾನು ಬೈಯುವುದಿಲ್ಲ, ಅವರ ಜೀವ ಚಕ್ರದ ಮೇಲಿದೆ. ಉಳಿದವರು ಮಾಲ್ಸುನ್‌ಳನ್ನು ಮುಂದೆ ಕೂರಿಸಿಕೊಂಡು ಸುತ್ತು ಹೋಗುತ್ತಾರೆ. ಚಿಸು ಹಿಂದಿನ ಸೀಟಿನಿಂದ ತೋಳು ಚಾಚಿ ಕೂರುತ್ತಾನೆ, ಆಸ್ಪತ್ರೆಯಲ್ಲಿ ರಕ್ತ ಕೊಡಲು ಕೂತವನಂತೆ.

ಮೊನ್ನೆ ಡುಹೋ ಮತ್ತೆ ಬಂದಿದ್ದ. ಈ ಸಲ ಬಲ ಚಕ್ರ. ನಾನೂ ಹಿಂದೆ ಹತ್ತಿದ್ದೆ. ಗಂಡ ಹೆಂಡಿರಿಗೆ ಬೆಳಿಗ್ಗೆಯೇ ಜಗಳವಾಗಿತ್ತು. ಮಾಲ್ಸುನ್ ಕೆರೆದ ಕಡೆ ತೋಳು ಕೆಂಪಾಯಿತು.

"ಏ, ಇದ್ರಲ್ಲಿ ಚಕ್ರದ್ದೆಷ್ಟು, ನಿನ್ ಸಿಟ್ಟೆಷ್ಟು?"

"ಸರಿಯಾಗಿ ಅರ್ಧ."

ಚಿಸು ಅರ್ಧ ಕಳೆದು ಯೋಚಿಸಿದ. "ಬ್ರೇಕ್ ಪ್ಯಾಡು. ತೇದು ಹೋಗಿದೆ."

ಗ್ಯಾರೇಜಿಗೆ ಬಂದು ಚಕ್ರ ಬಿಚ್ಚಿದ. ತೇದು ಹೋಗಿತ್ತು.