ಓದುವವರು ನಿಂತಲ್ಲಿ ನಿಶಾತ್ ತಿದ್ದುತ್ತಾರೆ

ಬೆಳಗಿನ ಐದೂಮುಕ್ಕಾಲು. ಮದ್ದೂರಿನ ಪೇಟೆ ಬೀದಿಯಲ್ಲಿ ಹಾಲಿನ ಗಾಡಿ ಬಿಟ್ಟರೆ ಬೇರೆ ಸದ್ದಿಲ್ಲ. ಅರ್ಧ ಎತ್ತಿದ ಷಟರಿನ ಕೆಳಗಿನಿಂದ ಟ್ಯೂಬ್‌ಲೈಟಿನ ಬೆಳಕು ಬೀದಿಗೆ ಬಿದ್ದಿದೆ. ಒಳಗೆ, ಬಿಚ್ಚಿಟ್ಟ ಟಿವಿ, ಮಿಕ್ಸಿಗಳ ನಡುವೆ ಜಾಗ ಮಾಡಿಕೊಂಡು ಇಬ್ಬರು ಹೆಂಗಸರು ಕುಳಿತಿದ್ದಾರೆ. ಒಬ್ಬರ ಕೈಯಲ್ಲಿ ಅಂಗೈಯಗಲದ ಹಳೆಯ ಗೇಮ್ ಕನ್ಸೋಲ್, ತೊಡೆಯ ಮೇಲೆ ಪಿನ್ ಹಾಕಿದ ಹಾಳೆಗಳು. ಅವರು ಹಾಳೆಯ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತಾರೆ, ಓದಿದಂತೆ ಮಾಡುತ್ತಾರೆ. ಇನ್ನೊಬ್ಬರು ಪೆನ್ಸಿಲ್ ಹಿಡಿದು ಸುಮ್ಮನೆ ನೋಡುತ್ತಿದ್ದಾರೆ.

"ಮೆಮೊರಿ ಕಾರ್ಡನ್ನು ಸುರಕ್ಷಿತವಾಗಿ ಹೊರತೆಗೆಯಿರಿ," ಎಂದು ಓದಿದ ಮೊದಲನೆಯವರು ತಲೆ ಎತ್ತುತ್ತಾರೆ. "ಸುರಕ್ಷಿತವಾಗಿ ಅಂದ್ರೆ ಎಂಗಕ್ಕ? ಬಟ್ಟೇಲಿ ಇಡ್ಕಂಡು ತೆಗೀಬೇಕಾ?"

ಪೆನ್ಸಿಲ್ ಹಿಡಿದವರು ನಗುತ್ತಾರೆ. ಆ ಸಾಲಿನ ಪಕ್ಕ ಒಂದು ಸೊನ್ನೆ ಸುತ್ತುತ್ತಾರೆ ಅಷ್ಟೆ.

"ಬಾಯ್ ಬುಡಲ್ವಲ್ಲಕ್ಕ ನೀನು!"

"ನಾನ್ ಹೇಳ್ಕೊಟ್ರೆ ಹಾಳೆ ಸುಮ್ಕಿರ್ತದೆ ವೀಣ. ಅದು ಹೇಳ್ಬೇಕು, ನಾನು ಸುಮ್ಕಿರ್ಬೇಕು."

ಓದುತ್ತಿರುವ ವೀಣ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಗೇಮ್ ಆಡಿದವರಲ್ಲ, ಕಂಪ್ಯೂಟರ್ ಕಲಿತವರೂ ಅಲ್ಲ. ಅವರನ್ನು ಕರೆಸಿಕೊಂಡಿರುವುದೇ ಅದಕ್ಕೆ. ಪೆನ್ಸಿಲ್ ಹಿಡಿದಿರುವ ಮೂವತ್ತಮೂರರ ನಿಶಾತ್, ಈ ರಿಪೇರಿ ಅಂಗಡಿಯ ವಹಾಬ್ ಅವರ ಮಗಳು. ಅಂಗಡಿ ತೆರೆಯುವುದು ಒಂಬತ್ತಕ್ಕೆ. ಅದಕ್ಕೆ ಮುಂಚಿನ ಈ ಮೂರು ಗಂಟೆ ಸುಮಾರು ಮೂರು ವರ್ಷದಿಂದ ಒಂದೇ ಕೆಲಸಕ್ಕೆ ಮೀಸಲು: ಹಳೆಯ ಗೇಮ್ ಕನ್ಸೋಲ್‌ಗಳಿಗೆ ಹೊಸ ಫರ್ಮ್‌ವೇರ್ ಹಾಕಿಕೊಳ್ಳುವುದು ಹೇಗೆಂದು ಏನೂ ಗೊತ್ತಿಲ್ಲದವರಿಗೆ ತಿಳಿಸುವ ಕನ್ನಡ ಕೈಪಿಡಿಯನ್ನು ತಿದ್ದುವುದು.

ಕನ್ಸೋಲ್ ತಯಾರಿಸುವಾಗ ಕಂಪನಿ ಅದರೊಳಗೆ ತುಂಬಿ ಕಳಿಸುವ ಮೂಲ ತಂತ್ರಾಂಶವೇ ಫರ್ಮ್‌ವೇರ್. ಕೆಲವು ವರ್ಷ ಕಳೆದ ಮೇಲೆ ಕಂಪನಿ ಆ ಮಾದರಿಯನ್ನು ಕೈಬಿಡುತ್ತದೆ, ಹೊಸ ಆಟ ಸಿಗುವುದಿಲ್ಲ. ಆಗ ಲೋಕದ ಮೂಲೆಮೂಲೆಯ ಆಸಕ್ತರು ತಾವೇ ಬರೆದ ಫರ್ಮ್‌ವೇರ್ ಹಾಕಿ, ತಾವೇ ಮಾಡಿದ ಆಟಗಳನ್ನು ಅದರಲ್ಲಿ ಆಡುತ್ತಾರೆ. ಕೆಲಸ ಒಂದು ಗಂಟೆಯದು. ಆದರೆ ನಡುವೆ ಒಂದು ಹೆಜ್ಜೆ ತಪ್ಪಿದರೆ ಕನ್ಸೋಲ್ ಮತ್ತೆ ಕಣ್ಣು ಬಿಡದೇ ಹೋಗಬಹುದು.

ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ನಿಶಾತ್ ಅಂಗಡಿಗೆ ಬಂದದ್ದು ತಂದೆಯ ಕೈ ನಡುಗಲು ಶುರುವಾದ ಮೇಲೆ. ಮೊದಲ ವರ್ಷ ಗಿರಾಕಿಗಳು ಬಾಗಿಲಲ್ಲೇ ನಿಂತು, "ಸಾಬ್ರು ಇಲ್ವಾ?" ಎಂದು ಕೇಳಿ ಸೆಟ್ಟನ್ನು ಕಂಕುಳಲ್ಲೇ ಇಟ್ಟುಕೊಂಡು ವಾಪಸ್ ಹೋಗುತ್ತಿದ್ದರು. ವಹಾಬ್ ಪಕ್ಕದ ಸ್ಟೂಲಿನಲ್ಲಿ ಕುಳಿತು, "ಕೊಟ್ಟೋಗಿ, ನಾನೇ ನೋಡ್ತೀನಿ" ಎನ್ನುವರು. ನೋಡುತ್ತಿದ್ದುದು ಮಗಳು. ಎರಡನೇ ವರ್ಷ ಆ ಮಾತು ಬೇಕಾಗಲಿಲ್ಲ.

ಒಮ್ಮೆ ಯಾರೋ ರಿಪೇರಿಗೆ ತಂದ ಕನ್ಸೋಲ್‌ಗಾಗಿ ಅಂತರ್ಜಾಲದಲ್ಲಿ ಹುಡುಕುವಾಗ ಅವರಿಗೆ ಈ ಕೈಪಿಡಿ ಸಿಕ್ಕಿತು. ಸ್ವಯಂಸೇವಕರು ಇಂಗ್ಲಿಷಿನಲ್ಲಿ ಬರೆದದ್ದನ್ನು ಯಾರೋ ಯಂತ್ರದ ಬಾಯಿಗೆ ಕೊಟ್ಟು ಕನ್ನಡ ಮಾಡಿಸಿದ್ದರು. "ಕನ್ಸೋಲ್ ಬೂಟು ಹಾಕಿಕೊಳ್ಳುವವರೆಗೆ ಕಾಯಿರಿ" ಎಂದಿತ್ತು ಒಂದು ಕಡೆ. "ತಪ್ಪಿದಲ್ಲಿ ನೀವು ಇಟ್ಟಿಗೆ ಹೊಂದುವಿರಿ" ಎಂದಿತ್ತು ಇನ್ನೊಂದು ಕಡೆ. ಯಂತ್ರ ಶುರುವಾಗುವುದಕ್ಕೆ ಇಂಗ್ಲಿಷಿನಲ್ಲಿ ಬೂಟ್ ಎನ್ನುತ್ತಾರೆ, ಕೆಟ್ಟು ಜೀವ ಬಿಟ್ಟ ಯಂತ್ರಕ್ಕೆ ಬ್ರಿಕ್, ಅಂದರೆ ಇಟ್ಟಿಗೆ. ನಿಶಾತ್ ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ಇದನ್ನೇ ನಂಬಿಕೊಂಡು ಯಾರಾದರೂ ಕೈ ಹಾಕಿದರೆ ಗತಿಯೇನು ಅನ್ನಿಸಿತು. ತಪ್ಪು ತಿದ್ದಿದರು, ಕನ್ನಡ ಸರಿ ಮಾಡಿದರು, ಕೆಳಗೆ ಅಂಗಡಿಯ ನಂಬರ್ ಹಾಕಿದರು. ಕೆಲಸ ಮುಗಿಯಿತೆಂದುಕೊಂಡರು.

ಅದು ಮುಗಿದಿರಲಿಲ್ಲ ಎಂದು ತಿಳಿಸಿದ್ದು ಆತಗೂರು ಕಡೆಯ ಟ್ರ್ಯಾಕ್ಟರ್ ಚಾಲಕ ನಾಗರಾಜು. ಕಬ್ಬಿನ ಕಾಲದಲ್ಲಿ ಭಾರತೀನಗರದ ಸಕ್ಕರೆ ಕಾರ್ಖಾನೆಯ ಮುಂದೆ ಸಾಲು ನಿಂತರೆ ಗಾಡಿ ಒಳಗೆ ಹೋಗುವ ಹೊತ್ತಿಗೆ ಒಮ್ಮೊಮ್ಮೆ ಮಾರನೆಯ ದಿನವಾಗುತ್ತದೆ. ಆ ಹೊತ್ತು ಕಳೆಯಲು ಅವರ ಬಳಿ ಹಳೆಯ ಕನ್ಸೋಲ್ ಒಂದಿತ್ತು. ಇದ್ದ ನಾಲ್ಕು ಆಟ ಆಡಿ ಸಾಕಾಗಿತ್ತು. ಯಾರೋ ಚೌಕಾಬಾರವನ್ನೇ ಕನ್ಸೋಲಿನಲ್ಲಿ ಆಡುವಂತೆ ಮಾಡಿ ಬಿಟ್ಟಿದ್ದಾರೆ, ಅದಕ್ಕೆ ಬೇರೆ ಫರ್ಮ್‌ವೇರ್ ಬೇಕು ಎಂದು ತಿಳಿದು ನಿಶಾತ್ ಅವರ ಕೈಪಿಡಿ ಹಿಡಿದರು. ಜನವರಿಯ ಒಂದು ಮಧ್ಯಾಹ್ನ ಅಂಗಡಿಗೆ ಫೋನ್ ಬಂತು.

"ಏನಮ್ಮ, ನೀವ್ ಬರ್ದಿರದ್ನೇ ಮಾಡ್ದೆ ಕಣಮ್ಮ. ಸತ್ತೋಯ್ತು."

ಬ್ಯಾಟರಿ ಎಷ್ಟಿತ್ತು ಎಂದು ನಿಶಾತ್ ಕೇಳಿದರು. ಒಂದೇ ಗೆರೆ ಇತ್ತಂತೆ. ಬ್ಯಾಟರಿ ತುಂಬಿರಬೇಕು ಎಂಬ ಮಾತು ಕೈಪಿಡಿಯಲ್ಲಿ ಇತ್ತು. ಕೊನೆಯ ಪುಟದ ಸೂಚನೆಗಳಲ್ಲಿ ಇತ್ತು. ಬ್ಯಾಕಪ್, ಅಂದರೆ ಕನ್ಸೋಲಿನೊಳಗೆ ಇರುವುದರ ನಕಲನ್ನು ಮೊದಲೇ ತೆಗೆದಿಟ್ಟುಕೊಳ್ಳುವ ಮಾತೂ ಇತ್ತು, "ಬೇಕಿದ್ದರೆ" ಎಂಬ ಪದದೊಂದಿಗೆ. ನಾಗರಾಜುಗೆ ಬೇಕಿರಲಿಲ್ಲ.

"ಅವ್ನು ಪೂರ್ತಿ ಓದ್ಬೇಕಿತ್ತು, ನಿಂದೇನು ತಪ್ಪು, ಬುಡು," ಎಂದರು ವಹಾಬ್. ನಿಶಾತ್ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಭಾರತೀನಗರಕ್ಕೆ ಹೋಗುವ ದೊಡ್ಡಿ ಬಸ್ಸು ಹತ್ತಿದರು.

ಕಬ್ಬಿನ ಗಾಡಿಗಳ ಸಾಲಿನಲ್ಲಿ ನಡೆಯುತ್ತಾ ಕೇಳಿಕೊಂಡು ಹೋಗಿ ನಾಗರಾಜುವನ್ನು ಹಿಡಿದರು. ಬೈಸಿಕೊಳ್ಳಲು ಸಿದ್ಧವಾಗಿಯೇ ಹೋಗಿದ್ದರು. ನಾಗರಾಜು ಬೈಯಲಿಲ್ಲ. ಎಲ್ಲಿ ಹೇಗೆ ಕುಳಿತು ಓದಿದಿರಿ ತೋರಿಸಿ ಎಂದು ಕೇಳಿದ್ದಕ್ಕೆ ಟ್ರ್ಯಾಕ್ಟರ್ ಹತ್ತಿ ತೋರಿಸಿದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕನ್ಸೋಲು.

"ಇಂಗೆ ಓದ್ತಾ ಕುಂತಿದ್ನಾ? ಮುಂದ್ಲ ಗಾಡಿ ಜರುಗ್ತು. ನಾನೂ ಜರುಗ್ಸಿದೆ. ತಿರ್ಗಾ ಓದನ ಅಂತ ಬಂದ್ರೆ ಎಲ್ಲಿದ್ದೆ ಅಂತ್ಲೇ ಸಿಗ್ನಿಲ್ಲ ಕಣಮ್ಮ. ಅಂದಾಜ್ ಮೇಲೆ ಶುರು ಮಾಡ್ದೆ."

ನಿಶಾತ್ ಆ ಸಾಲಿನಲ್ಲಿ ಎರಡು ಗಂಟೆ ನಿಂತರು. "ನಾನು ಮೇಜಿನ ಮುಂದೆ ಕೂತು ಬರ್ದಿದ್ದೆ. ಓದೋರೂ ಮೇಜಿನ ಮುಂದೆ ಕೂತವ್ರೆ ಅಂದ್ಕೊಂಡಿದ್ದೆ," ಎನ್ನುತ್ತಾರೆ ಈಗ. "ಕೊನೇ ಪುಟದಲ್ಲಿ ಬರ್ದಿದ್ದು ಬರೀದೇ ಇದ್ದಂಗೆ ಅಂತ ಅವತ್ತು ಗೊತ್ತಾಯ್ತು."

ಕನ್ಸೋಲನ್ನು ರಿಪೇರಿಗೆಂದು ನಿಶಾತ್ ಕೈಗೆ ಕೊಡುವಾಗ ನಾಗರಾಜು ಒಂದು ಮಾತು ಸೇರಿಸಿದರು. ಬಣ್ಣದ ಗೋಲಿ ಹೊಂದಿಸುವ ಆಟದಲ್ಲಿ ಅವರ ಹೆಂಡತಿ ಮಾಯಮ್ಮ ಎಂಬತ್ತೆಂಟು ಸಾವಿರದ ಸ್ಕೋರ್ ಮಾಡಿದ್ದರು. ನಾಗರಾಜು ನಾಲ್ಕು ವರ್ಷದಿಂದ ಎಪ್ಪತ್ತೊಂದು ಸಾವಿರ ದಾಟಿರಲಿಲ್ಲ. "ಅದು ಅಳ್ಸೋದ್ರೆ ಬೇಕೂಂತ್ಲೇ ಮಾಡ್ದೆ ಅಂತಾಳೆ. ನಾನು ಮನೆಗೋಗಂಗಿಲ್ಲ."

ರಿಪೇರಿಗೆ ಇಪ್ಪತ್ತಮೂರು ದಿನ ಹಿಡಿಯಿತು. ಕನ್ಸೋಲ್ ಬಿಚ್ಚಿ, ಅದರ ಮೆಮೊರಿ ಚಿಪ್ಪಿನ ಅಕ್ಕಿಕಾಳಿಗಿಂತ ಸಣ್ಣ ಬಿಂದುಗಳಿಗೆ ತಂತಿ ಬೆಸೆದು ಒಳಗೆ ಏನು ಉಳಿದಿದೆ ಎಂದು ಕಂಪ್ಯೂಟರಿನಲ್ಲಿ ನೋಡಬೇಕು. ಇದ್ದ ತಂತಿಗಳೆಲ್ಲ ದಪ್ಪವಾದವು. ಒಂದೊಂದು ಸಲ ಬೆಸೆದಾಗಲೂ ಪಕ್ಕದ ಬಿಂದುವಿಗೆ ತಾಗುತ್ತಿತ್ತು. ಕೊನೆಗೆ ವಹಾಬ್ ಮೂಲೆಯ ಡಬ್ಬದಿಂದ ಹಳೆಯ ರೇಡಿಯೊದ ಸುರುಳಿಯೊಂದನ್ನು ತೆಗೆದು, ಅದರ ತಾಮ್ರದ ಎಳೆ ಬಿಡಿಸಿಕೊಟ್ಟರು. ಹನ್ನೊಂದನೇ ಸಲಕ್ಕೆ ಚಿಪ್ಪು ಮಾತಾಡಿತು. ಎಲ್ಲ ಕನ್ಸೋಲ್‌ಗಳಿಗೂ ಒಂದೇ ಆಗಿರುವ ಭಾಗ ಮಾತ್ರ ಕೆಟ್ಟಿತ್ತು. ಇದಕ್ಕೇ ಸೇರಿದ ಭಾಗ ಉಳಿದಿತ್ತು. ಕೆಟ್ಟದ್ದರ ಜಾಗಕ್ಕೆ ಒಳ್ಳೆಯದನ್ನು ಬರೆದರು. ದೀಪ ಹತ್ತಿತು.

"ಸಾವಿರಾರು ರೇಡಿಯೊ ರಿಪೇರಿ ಮಾಡಿವ್ನಿ," ಎನ್ನುತ್ತಾರೆ ವಹಾಬ್. "ಕೂದ್ಲಂಥಾ ತಂತಿ ಅಷ್ಟು ಸಣ್ಣ ಜಾಗದಲ್ಲಿ ನಾನು ಕೂರ್ಸಿರ್ಲಿಲ್ಲ. ಅವಳು ಮೂರು ದಿನ ಊಟ ಮರ್ತಿದ್ಲು. ನಾನೇ ತಟ್ಟೆ ತಂದು ಮುಂದಿಡ್ತಿದ್ದೆ."

ಬೇರೆಯವರಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ನಿಶಾತ್ ಕೈಪಿಡಿಯನ್ನು ಮೊದಲಿನಿಂದ ಬರೆದರು. ಬ್ಯಾಟರಿ ಮೊದಲ ಸಾಲಿಗೆ ಬಂತು. "ಬೇಕಿದ್ದರೆ" ಹೋಯಿತು, ಬ್ಯಾಕಪ್ ಕಡ್ಡಾಯವಾಯಿತು. ಹೆಜ್ಜೆಗಳ ನಡುವೆ "ಇಲ್ಲಿ ನಿಲ್ಲಿಸಬಹುದು", "ಇಲ್ಲಿಂದ ಮುಗಿಯುವವರೆಗೆ ಏಳಬೇಡಿ" ಎಂಬ ಸಾಲುಗಳು ಸೇರಿದವು. ಕನ್ಸೋಲಿನ ಜೊತೆ ಹೊಸ ಹಾಳೆಗಳನ್ನೂ, ತಮ್ಮ ಲ್ಯಾಪ್‌ಟಾಪನ್ನೂ ಹಿಡಿದು ಆತಗೂರು ಕಡೆಯ ಆ ಮನೆಗೆ ಹೋದರು.

ಕನ್ಸೋಲ್ ನೋಡಿ ನಾಗರಾಜು ಕೈ ಹಿಂದೆ ಕಟ್ಟಿಕೊಂಡರು. "ಬ್ಯಾಡ ಕಣಮ್ಮ, ಇದ್ದಂಗೇ ಇರ್ಲಿ. ಇನ್ನೊಂದ್ ಸಲ ಸಾಯ್ಸಕ್ಕೆ ನನ್ನ ಕೈಲಾಗಲ್ಲ."

ಹಾಳೆ ಕೈಗೆತ್ತಿಕೊಂಡವರು ಮಾಯಮ್ಮ. ಹತ್ತನೇ ಕ್ಲಾಸಿನವರೆಗೆ ಓದಿದವರು. "ನನ್ ಸ್ಕೋರ್ ಇರೋದು. ನಾನ್ ಮಾಡ್ತೀನಿ ಕೊಡಿ."

ನಿಶಾತ್ ಅವತ್ತೇ ಆ ನಿಯಮ ಮಾಡಿಕೊಂಡದ್ದು: ಪಕ್ಕದಲ್ಲಿ ಕೂರುವುದು, ಬಾಯಿ ಬಿಡದಿರುವುದು. ಮಾಯಮ್ಮ ಜಗಲಿಯ ಮೇಲೆ ಕುಳಿತು ಓದತೊಡಗಿದರು. ಮೊದಲ ಪುಟದಲ್ಲೇ ನಿಂತರು. "ಮೂಲಕೋಶಕ್ಕೆ ನಕಲಿಸಿ. ಇದ್ಯಾವ ಕೋಶನಮ್ಮ?" ತಾವೇ ತಡಕಾಡಿ ಮುಂದೆ ಹೋದರು. ಮತ್ತೆ ನಿಂತರು. ಹಾಗೆ ಹದಿನಾಲ್ಕು ಕಡೆ. ಬ್ಯಾಕಪ್ ಆಯಿತು. ಫರ್ಮ್‌ವೇರ್ ಬರೆಯುವ ಗುಂಡಿ ಒತ್ತಿದರು. ಪರದೆ ಕಪ್ಪಾಯಿತು.

ಕಪ್ಪಾಗಿಯೇ ಇತ್ತು. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್. ಮಾಯಮ್ಮ ಹಾಳೆ ನೋಡಿದರು. ಹಾಳೆಯಲ್ಲಿ ಮುಂದಿನ ಹೆಜ್ಜೆಯಿತ್ತು, ಈ ಕತ್ತಲೆಯ ಸುದ್ದಿ ಇರಲಿಲ್ಲ. ಅವರ ಹೆಬ್ಬೆರಳು ಪವರ್ ಗುಂಡಿಯ ಕಡೆ ಹೋಯಿತು.

"ಮುಟ್ಬೇಡಿ ಅಕ್ಕಾ!" ನಿಶಾತ್ ಕೂಗಿಯೇ ಬಿಟ್ಟರು.

ಬೆರಳು ಅಲ್ಲೇ ನಿಂತಿತು. ಮೂವರೂ ಪರದೆಯನ್ನೇ ನೋಡುತ್ತಾ ಕುಳಿತರು. ಇನ್ನಷ್ಟು ಹೊತ್ತಿನ ಮೇಲೆ ಪರದೆಯಲ್ಲಿ ಬಿಳಿ ಅಕ್ಷರ ಮೂಡಿದವು. "ನನ್ ಸ್ಕೋರ್ ಅದಾ ನೋಡ್ರಿ ಮೊದ್ಲು," ಎಂದರು ಮಾಯಮ್ಮ. ಇತ್ತು. ಚೌಕಾಬಾರವನ್ನು ಆಮೇಲೆ ತೆರೆದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಿಶಾತ್ ಅವರಿಗೆ ಸಮಾಧಾನವಿರಲಿಲ್ಲ. ಪರದೆ ಕಪ್ಪಾಗುವುದು ಅವರಿಗೆ ಗೊತ್ತಿತ್ತು. ನೂರಾರು ಸಲ ನೋಡಿ ಅದು ಹೇಳಬೇಕಾದ ಸಂಗತಿ ಎಂದೇ ಅನ್ನಿಸಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದವರಿಗೂ ಅನ್ನಿಸಿರಲಿಲ್ಲ. ಮಾರನೆಯ ಬೆಳಿಗ್ಗೆ ಆ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: "ಈಗ ಪರದೆ ಕಪ್ಪಾಗುತ್ತದೆ. ಹೆದರಬೇಡಿ. ನಿಧಾನವಾಗಿ ನೂರು ಎಣಿಸಿ. ಯಾವ ಗುಂಡಿಯನ್ನೂ ಒತ್ತಬೇಡಿ." ಮೂಲಕೋಶ ಹೋಗಿ, "ಕಾರ್ಡು ತೆರೆದ ಕೂಡಲೇ ಕಾಣುವ ಜಾಗದಲ್ಲೇ ಹಾಕಿ, ಯಾವ ಫೋಲ್ಡರಿನ ಒಳಕ್ಕೂ ಹೋಗಬೇಡಿ" ಎಂದಾಯಿತು. ಉಳಿದ ಹದಿಮೂರು ಕಡೆಯೂ ಹೀಗೇ ಬದಲಾಯಿತು.

ಇಂಗ್ಲಿಷ್ ಕೈಪಿಡಿಯ ಸ್ವಯಂಸೇವಕರಿಗೂ ಹನ್ನೊಂದು ತಿದ್ದುಪಡಿ ಬರೆದು ಕಳಿಸಿದರು. ಅಷ್ಟೂ ತಿಳಿಯದವರು ಇದಕ್ಕೆ ಕೈ ಹಾಕಬಾರದು ಎಂಬರ್ಥದ ಉತ್ತರ ಬಂತು. ನಿಶಾತ್ ಜಗಳ ಆಡಲಿಲ್ಲ. ಯಾವ ಓದುಗರು, ಯಾವ ಸಾಲಿನಲ್ಲಿ, ಎಷ್ಟು ಹೊತ್ತು ನಿಂತರು ಎಂಬುದನ್ನು ತಮಗೆ ಬಂದ ಇಂಗ್ಲಿಷಿನಲ್ಲಿ ಬರೆದು ಕಳಿಸಿದರು. ಮುಂದಿನ ಓದುಗರು ಬಂದಾಗ ಮತ್ತೆ ಕಳಿಸಿದರು. ನಾಲ್ಕು ತಿಂಗಳು ಕಳಿಸುತ್ತಲೇ ಇದ್ದರು. ಕೊನೆಗೆ ಆ ಸ್ವಯಂಸೇವಕರು ಒಂಬತ್ತು ತಿದ್ದುಪಡಿ ಒಪ್ಪಿಕೊಂಡರು. ನೂರು ಎಣಿಸುವ ಸಾಲು ಈಗ ಇಂಗ್ಲಿಷಿನಲ್ಲೂ ಇದೆ. ಅದು ಮದ್ದೂರಿನಿಂದ ಹೋದದ್ದು ಎಂದು ಅಲ್ಲಿ ಎಲ್ಲೂ ಬರೆದಿಲ್ಲ. "ಎರಡು ಬಾಕಿ ಅವೆ. ಬುಡಲ್ಲ," ಎನ್ನುತ್ತಾರೆ.

ನಲವತ್ತೊಂದು ಹೆಜ್ಜೆಯ ಕೈಪಿಡಿ ಈಗ ಅರವತ್ತಮೂರು ಹೆಜ್ಜೆಯದಾಗಿದೆ. ಉದ್ದವಾಗಿದೆ, ಆದರೆ ಓದುವವರು ಮೊದಲಿಗಿಂತ ಬೇಗ ಮುಗಿಸುತ್ತಾರೆ. ಇದು ಹತ್ತೊಂಬತ್ತನೆಯ ಸಲ ತಿದ್ದಿದ ಪ್ರತಿ. ಮೂವತ್ತೆರಡು ಮಂದಿ ಎದುರು ಕುಳಿತು ಓದಿಕೊಟ್ಟಿದ್ದಾರೆ. ವೈದ್ಯನಾಥಪುರದ ಹಾಲಿನ ಡೇರಿಯವರು, ಮಳವಳ್ಳಿಯ ದರ್ಜಿ, ಬಸ್ ಕಂಡಕ್ಟರ್ ಒಬ್ಬರು. ಗೇಮ್ ಬಲ್ಲವರನ್ನು ನಿಶಾತ್ ಕರೆಯುವುದಿಲ್ಲ, ಅವರು ಓದದೇ ಮಾಡಿಬಿಡುತ್ತಾರಂತೆ. ದಿನಕ್ಕೆ ಅರವತ್ತು ಎಪ್ಪತ್ತು ಜನ ಕೈಪಿಡಿ ತೆರೆಯುತ್ತಾರೆ. ಕದ್ದ ಆಟ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ ಉತ್ತರವಿಲ್ಲ. ಮಿಕ್ಕವರ ಪ್ರಶ್ನೆ ಮೊದಲು ದಿನಕ್ಕೆ ಇಪ್ಪತ್ತೈದರಷ್ಟು ಇರುತ್ತಿತ್ತು, ಈಗ ಮೂರೋ ನಾಲ್ಕೋ.

ಕೈಪಿಡಿಯ ಮೇಲೆ ನಿಮ್ಮ ಹೆಸರು ಯಾಕಿಲ್ಲ ಎಂದರೆ ಅದು ತಮಗೆ ಹೊಳೆದೇ ಇಲ್ಲವೆಂಬಂತೆ ನೋಡುತ್ತಾರೆ. ಒಂಬತ್ತು ಗಂಟೆಯಾಗಿದೆ. ಷಟರ್ ಪೂರ್ತಿ ಎತ್ತುತ್ತಾ ಹೇಳುತ್ತಾರೆ:

"ಒಂದಿನ ಯಾರೂ ಏನೂ ಕೇಳ್ಬಾರ್ದು. ಓದ್ಬೇಕು, ಮಾಡ್ಬೇಕು, ಆಟ ಆಡ್ತಾ ಕೂತ್ಬುಡ್ಬೇಕು. ಇದನ್ನ ಯಾರೋ ಬರ್ದವ್ರೆ ಅಂತ ಅವ್ರಿಗೆ ನೆನಪೂ ಆಗ್ಬಾರ್ದು. ಅಷ್ಟು ಚೆನ್ನಾಗಿ ಬರೀಬೇಕು ನಾನು."