ಬಾಗ್ಲು ತೆಗ್ದಿದ್ದು ಮಿಷಿನ್ನಿಗೆ ಗೊತ್ತಾಗ್ಲೇಬೇಕು

...ಹಾಂ, ಆ ಇಪ್ಪತ್ತೆರಡು ಪುಟ ಹೋದ ಕತೆ ಪೂರ್ತಿ ಹೇಳ್ಲೇ ಇಲ್ಲ ಅಲ್ವಾ, ಕೇಳಿ. ನಮ್ಮ ಮಾರ್ಲಿಸಮ್ಮ ಅಮೆರಿಕದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿ ಕೌಂಟರಲ್ಲಿ ನಿಲ್ತಿದ್ರು. ಎಂಬತ್ತನೇ ಇಸ್ವಿ, ಕಂಪ್ಯೂಟರ್ ಇದ್ದೋರ ಮನೇಲೆಲ್ಲಾ ಸಿಪಿ/ಎಂ ಅನ್ನೋ ಆಪರೇಟಿಂಗ್ ಸಿಸ್ಟಮ್ ಓಡ್ತಿದ್ದ ಕಾಲ. ಕಂಪ್ಯೂಟರ್ ಕ್ಲಬ್ಬಿಗೆ ಬರೋ ಹೊಸಬರಿಗೆ ಅಂತ ಒಂದು ಕೈಪಿಡಿ ಟೈಪ್ ಮಾಡ್ತಾ ಇದ್ರು. ಇಪ್ಪತ್ತೆರಡು ಪುಟ ಆದ್ಮೇಲೆ ಉಳಿಸೋಕೆ ಹೋದ್ರೆ ಫ್ಲಾಪಿ ತುಂಬಿದೆ! ತೆಗ್ದು ಖಾಲೀದು ಹಾಕಿದ್ರು. ಅಷ್ಟೇ, ಎಲ್ಲಾ ಪುಟ ಹೋಯ್ತು.

ಯಾಕಂದ್ರೆ ಫ್ಲಾಪಿ ಬದ್ಲಾಯ್ಸಿದ್ರೆ ಕಂಟ್ರೋಲ್-ಸಿ ಒತ್ತಿ ಮಿಷಿನ್ನಿಗೆ ಹೇಳ್ಬೇಕು. ಹೇಳ್ಲಿಲ್ವೋ, ಇದ್ರ ಮೇಲೆ ಬರೆಯಲ್ಲ ಅಂತ ಹಟ ಹಿಡಿಯುತ್ತೆ. ಟೈಪ್ ಮಾಡ್ತಿರೋವಾಗ ಒತ್ತಿದ್ರೋ, ಪ್ರೋಗ್ರಾಮೇ ಮುಚ್ಕೊಂಡು ಬರ್ದಿದ್ದೆಲ್ಲ ಮಾಯ!

ಬುಧವಾರ ಕ್ಲಬ್ಬಲ್ಲಿ ಡ್ವೇನ್ ಅನ್ನೋ ಹುಡ್ಗ ಇದನ್ನ ಕೇಳಿ ಕಿಸಕ್ಕಂತ ನಕ್ಕ. "ಏನಮ್ಮಾ, ಕೈಪಿಡಿ ಬರ್ಯೋರೇ ಮೊದಲ್ನೇ ಪಾಠ ಮರ್ತ್ರಾ? ಬಿಡಿ, ನಾನೇ ಬರೀತೀನಿ."

"ನಿಂದೆಷ್ಟು ಸಲ ಹೋಗಿದೆ ಹಿಂಗೆ?"

"ಅದೂ... ಒಂದ್ ಆರೇಳು ಸಲ."

"ಆರೇಳು ಸಲ ಹೋದ್ಮೇಲೂ ಸುಮ್ನಿದ್ಯಲ್ಲಪ್ಪಾ, ನಾಚ್ಕೆ ಆಗಲ್ವಾ! ಫ್ಲಾಪಿ ಡ್ರೈವಿನ ಬಾಗ್ಲು ತೆಗೆದ್ರೆ ಒಂದು ತಂತೀಲಿ ಸುದ್ದಿ ಬರುತ್ತೆ. ಅದನ್ನ ಮಿಷಿನ್ನೇ ನೋಡ್ಲಿ. ಮುಂದಿನ ತಿಂಗ್ಳು ಮಾಡಿ ತೋರುಸ್ತೀನಿ. ಆಗ್ಲಿಲ್ಲಾಂದ್ರೆ ಕೈಪಿಡಿ ನಿಂದೇ."

ಹೇಳೋದೇನೋ ಹೇಳ್ಬಿಟ್ರು, ಅದಕ್ಕೆ ಪ್ರೋಗ್ರಾಮ್ ಬರ್ಯೋ ಯಂತ್ರದ ಭಾಷೆ ಒಂದಕ್ಷರ ಬರ್ತಿರ್ಲಿಲ್ಲ! ಆದ್ರೆ ಬಿಡೋ ಜನಾನಾ? ಮಧ್ಯಾನ ಒಂದ್ಕೈಲಿ ಟ್ಯೂನಾ ಸ್ಯಾಂಡ್‌ವಿಚ್, ಇನ್ನೊಂದ್ಕೈಲಿ ಪೆನ್ಸಿಲ್, ಕೌಂಟರ್ ಮೇಲೆಲ್ಲಾ ಪ್ರೋಗ್ರಾಮಿನ ಉದ್ದುದ್ದ ಕಾಗ್ದ.

"ಟ್ರಾನ್ಸಿಸ್ಟರ್ ಎಲ್ಲಿಟ್ಟಿದೀರಾ ಮೇಡಂ?" ಅಂತ ಗಿರಾಕಿ ಕೇಳಿದ್ರೆ,

"ಮೂರ್ನೇ ಡಬ್ಬಿ, ನೀವೇ ತಗೊಳ್ರೀ!"

ಬರ್ದಿದ್ದು ಹಾಕಿ ನೋಡಿದ್ರೆ ಮೊದಲ್ನೇ ಸಲ ಮಿಷಿನ್ ಏಳ್ಲೇ ಇಲ್ಲ. ಆಮೇಲೆ ಮಿಷಿನ್ನಿನ ಹಟಾನೇ ಬಿಡ್ಸೋಣ ಅಂತ, ಬದ್ಲಾದ ಫ್ಲಾಪಿ ಮೇಲೆ ಬರೆಯೋಕೆ ಬಿಡ್ದಿರೋ ಆ ತಡೆ ಕಿತ್ತಾಕಿದ್ರು. ಬರೀತು ನೋಡಿ, ಹೊಸ ಫ್ಲಾಪೀಲಿದ್ದ ಫೈಲೆಲ್ಲಾ ಚಿಂದಿ! ಆಗ್ಲೇ ತಲೆಗೆ ಹೋಗಿದ್ದು. ಯಾವ ಫೈಲ್ ಎಲ್ಲಿದೆ ಅನ್ನೋ ಹಳೇ ಫ್ಲಾಪಿ ಪಟ್ಟಿ ಹಿಡ್ಕೊಂಡು ಹೊಸದ್ರ ಮೇಲೆ ಬರೀಬಾರ್ದು ಅಂತ್ಲೇ ಆ ತಡೆ ಇರೋದು. ಹಂಗಾದ್ರೆ ಬಾಗ್ಲು ತೆಗ್ದು ಮುಚ್ಚಿದ್ ಕೂಡ್ಲೇ ಪಟ್ಟೀನ ಹೊಸ್ದಾಗಿ ಓದ್ಸಿದ್ರೆ ಸಾಕಲ್ಲ!

ಮುಂದಿನ ತಿಂಗ್ಳು ಕ್ಲಬ್ಬಲ್ಲಿ, ಮಾರ್ಲಿಸಮ್ಮ ಹಂಗೇ ಬರ್ದ ಪ್ರೋಗ್ರಾಮ್ ಹಾಕಿದ ಮಿಷಿನ್ ಮುಂದೆ ಡ್ವೇನೇ ಕೂತು ಟೈಪ್ ಮಾಡ್ದ. ಫ್ಲಾಪಿ ಎಳ್ದ, ಬೇರೆ ತುರುಕ್ದ, ಉಳ್ಸು ಅಂದ. ಡ್ರೈವ್ ಕಟಕಟ ಅಂತು. ಉಳೀತು!

"ಇನ್ನೊಂದ್ಸಲ," ಅಂದ. ಐದ್ಸಲ ಮಾಡ್ದ. ಐದೂ ಸಲ ಉಳೀತು.

"ಈ ಪ್ರೋಗ್ರಾಮಿಂದು ನಂಗೊಂದು ಕಾಪಿ ಕೊಡ್ತೀರಾ?"

"ಕೊಡ್ತೀನಿ. ಕೈಪಿಡೀಲಿ ಕಾಗುಣಿತ ತಿದ್ದೋದು ನಿನ್ ಕೆಲ್ಸ."

ಮಾರ್ಲಿಸಮ್ಮಂಗೆ ಈಗ ವಯಸ್ಸು ಎಪ್ಪತ್ತೊಂಬತ್ತು. ತಿಂಗ್ಳಿಗೊಂದು ಭಾನುವಾರ ಹಳೇ ಸಾಮಾನಿನ ಸಂತೇಲಿ ಮೇಜು ಹಾಕ್ಕೊಂಡು ಕೂತಿರ್ತಾರೆ. ಎಂಥಾ ಸತ್ತ ಮಿಷಿನ್ ತಂದ್ರೂ ಎಬ್ಬಿಸ್ದೆ ಬಿಡಲ್ಲ. ಬೆಳಿಗ್ಗೆ ಎಂಟು ಗಂಟೆ ಒಳಗೇ ಹೋಗಿ, ಆಮೇಲೆ ಜನ ಮುತ್ಕೋತಾರೆ. ಹೋಗಿ ಮಾತಾಡ್ಸ್ರೀ, ಸುಮ್ನೆ ಓದ್ಕೊಂಡು ಕೂರ್ಬೇಡಿ!